ಎಡಗಡೆಯ ಬಿಳಿ ಜಾಗ

ಪ್ರೀತಿಯ ಅಣ್ಣ,

ಎಮರ್ಜೆನ್ಸಿ ಮುಗಿದ ವರ್ಷ, ತರೀಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ನಿನ್ನ ಬೋರ್ಡ್ ಬರೆಯೋ ಅಂಗಡೀಲಿ ನೀನು ನನಗೆ ಒಂದು ಮುಖಪುಟ ತೋರಿಸಿದ್ದೆ. ಕಡೂರಿನ ಸಂಗೀತ ಮಾಸಪತ್ರಿಕೆಗೆ ನೀನು ಬರೆದ ಮೊದಲ ಚಿತ್ರ. ಎಡಗಡೆ ನೆಟ್ಟಗೆ ನಿಂತ ತಂಬೂರಿ, ಬಲಗಡೆ ಹಾಡುವವಳ ಮುಖ. "ಕಣ್ಣು ತಂಬೂರಿಯ ಗೆರೆ ಹಿಡ್ಕೊಂಡು ಬಂದು ಮುಖದ ಹತ್ರ ನಿಲ್ಲುತ್ತೆ, ನೋಡು ಸರೋಜ," ಅಂತ ಬೆರಳಲ್ಲಿ ದಾರಿ ತೋರಿಸಿದೆ. ಅಜ್ಜಂಪುರದ ಸ್ಕೂಲಲ್ಲಿ ಡ್ರಾಯಿಂಗ್ ಕಲಿಸೋ ನನಗೆ ಚಿತ್ರ ನೋಡೋದು ಬಂದದ್ದು ಅವತ್ತೇ.

ಕೆಲವು ವರ್ಷ ಕಳೆದ ಮೇಲೆ ನಿನ್ನ ಚಿತ್ರಗಳೆಲ್ಲ ಬಲಕ್ಕೆ ಸರಿಯೋಕೆ ಶುರುವಾದವು. ತಂಬೂರಿ ಹೋಯ್ತು. ಆಮೇಲೆ ಹಾಡುವವಳ ಎಡಗಡೆಯ ಕಿವಿಯ ಓಲೆ. ಕಡೆಗೆ ಅರ್ಧ ಹಾಳೆ ಬರೀ ಬಿಳಿ. "ಆ ಖಾಲೀಲಿ ಶ್ರುತಿ ಕೇಳ್ಸುತ್ತೆ ಕಣ್ರೀ," ಅಂದ್ರು ಸಂಪಾದಕರು. ನೀನು ನಕ್ಕು, "ಖಾಲಿ ಎಲ್ಲಿದೆ? ತುಂಬ ಬರ್ದಿದೀನಲ್ಲ," ಅಂದೆ. ತಮಾಷೆ ಅಂದ್ಕೊಂಡ್ವಿ. ಅಲ್ಲದೆ ಏನಂದ್ಕೋಬೇಕಿತ್ತು?

ಗೌರಿ ಹಬ್ಬದ ಊಟ ನೆನಪಿದೆಯಾ? ಬಲಗಡೆ ಬಡಿಸಿದ್ದನ್ನಷ್ಟೇ ಉಂಡು, "ಪಲ್ಯ ಮಾಡ್ಲಿಲ್ವೇನೇ?" ಅಂತ ಅತ್ತಿಗೇನ ಕೇಳಿದೆ. ಪಲ್ಯ ಎಲೆಯ ಎಡಕ್ಕೇ ಇತ್ತು. ಅತ್ತಿಗೆ ಎಲೆ ತಿರುಗಿಸಿ ಪಲ್ಯಾನ ಬಲಕ್ಕೆ ತಂದ್ರು. "ಓ, ಇಲ್ಲೇ ಇದೆಯಲ್ಲ," ಅಂತ ನೀನು ಉಣ್ಣೋಕೆ ಶುರು ಮಾಡಿದೆ.

ಮಧ್ಯಾಹ್ನ ನಾನು ಹಳೇ ಸಂಚಿಕೆಗಳನ್ನ ನೆಲದ ಮೇಲೆ ಸಾಲಾಗಿ ಹರವಿ ನೋಡಿದೆ. ಬಿಳಿ ಜಾಗ ತಿಂಗಳಿಂದ ತಿಂಗಳಿಗೆ ಬೆಳೀತಾ ಬಂದಿತ್ತು. ಅದು ಶೈಲಿ ಅಲ್ಲ ಅಣ್ಣ, ಆ ಕಡೆ ನಿನ್ನ ಪಾಲಿಗೆ... ಶಿವಮೊಗ್ಗದ ಡಾಕ್ಟರ ಹತ್ರ ಹೋಗೋಣ ಅಂತ ಅತ್ತಿಗೆ, ನಾನು ಇಬ್ಬರೂ ಹೇಳಿದ್ವಿ. "ಈ ಮುಖಪುಟ ಮುಗೀಲಿ ಕಣೇ, ಬತ್ತೀನಿ," ಅಂದೆ ನೀನು.

ಆ ವಾರವೇ ಲಕ್ಕವಳ್ಳಿ ಬಸ್ಸು ಸ್ಟ್ಯಾಂಡಿನಲ್ಲಿ ರಿವರ್ಸ್ ಬಂತು, ನಿನ್ನ ಎಡಗಡೆಯಿಂದ. ಕಂಡಕ್ಟರ್ ಸೀಟಿ ಊದಿದ್ರಂತೆ, ಜನ ಕೂಗಿದ್ರಂತೆ. ನೀನು ಬಲಗಡೆಗೇ ನೋಡ್ತಾ ನಿಂತಿದ್ದೆಯಂತೆ. ನೀನು ಹೋದ ಮೇಲೆ, ಊಟದ ಎಲೆಯ ವಿಷಯ ನಮ್ಮಿಂದ ಕೇಳಿದ ಶಿವಮೊಗ್ಗದ ಡಾಕ್ಟರು, "ಮಿದುಳಲ್ಲಿ ಏನೋ ಬೆಳೀತಿದ್ದಿರಬೇಕು. ಕಣ್ಣು ಚೆನ್ನಾಗಿದ್ರೂ ಆ ಕಡೆ ಅನ್ನೋದು ಇದೆ ಅಂತಲೇ ಗೊತ್ತಾಗಲ್ಲ," ಅಂದ್ರು.

ನಿನಗೆ ತಿಳಿಯದ ಒಂದು ಸುದ್ದಿ ಇದೆ. ಪತ್ರಿಕೆಗೆ ಈಗ ಚಿತ್ರ ಬರೆಯೋಳು ಕಡೂರಿನ ಶೈಲಜ ಅನ್ನೋ ಹುಡುಗಿ. ಈ ತಿಂಗಳ ಮುಖಪುಟದಲ್ಲಿ ಎಡಗಡೆ ಏನೂ ಇಲ್ಲ. ನಿನ್ನನ್ನ ನೋಡಿ ಕಲಿತದ್ದಿರಬೇಕು ಅಂತಾರೆ ಸಂಪಾದಕರು. ಹಾಗೇ ಇರಲಿ. ಆದ್ರೆ ಅವಳು ಬರೆದ ವೀಣೆಯವಳ ಬಲಗಡೆಯ ಕೈ ತುಂಬ ಬಳೆ, ಎಡಗಡೆಯ ಕೈಯಲ್ಲಿ ಒಂದೂ ಇಲ್ಲ.

ನಾಳೆ ಬೆಳಗಿನ ರೈಲಿಗೆ ಕಡೂರಿಗೆ ಹೋಗ್ತೀನಿ, ಅಣ್ಣ. ಅವಳ ಎಡಗಡೆ ನಿಂತು ಕರೀತೀನಿ.

ನಿನ್ನ ತಂಗಿ,
ಸರೋಜ