ದೇವಿಕೊಪ್ಪದ ಮುಂದೆ ಹಾಯುವ ಹನ್ನೊಂದು ಬಸ್ಸು

೫ ಜನವರಿ ೧೯೮೬, ರವಿವಾರ

ಸಂಜೆ ಆರೂವರೆ. ಮೂರು ಗಂಟೆಯ ತನಕ ಗಿರಣಿ ನಡೆಯಿತು. ಜೋಳ ಒಂಬತ್ತು ಡಬ್ಬಿ, ಗೋದಿ ಎರಡು. ಆಮೇಲೆ ಹೋದ ಕರೆಂಟು ಇನ್ನೂ ಬಂದಿಲ್ಲ. ಹೆಂಗಸರು ಡಬ್ಬಿ ಬಿಟ್ಟು ಹೋಗಿದ್ದಾರೆ. ಸಾಲಾಗಿ ಕೂತಿವೆ.

ಮಗಳು ಅನ್ನವ್ವ ಅಣ್ಣಿಗೇರಿಯಿಂದ ಹೆರಿಗೆಗೆ ಬಂದು ಇಪ್ಪತ್ತು ದಿನ. ಸುಮ್ಮನೆ ಕೂಡುವವಳಲ್ಲ. ಇಂದು ಗೋಡೆಯಲ್ಲಿನ ಅವ್ವನ ಮಾಡ ಸ್ವಚ್ಛ ಮಾಡಿದಳು. ತೀರಿಹೋದ ನನ್ನ ಹೆಂಡತಿ ರೇವವ್ವನ ಎಲೆ-ಅಡಿಕೆ ಚೀಲ ಸಿಕ್ಕಿತು. ಒಳಗೆ ಸುಣ್ಣದ ಡಬ್ಬಿ, ಒಣಗಿದ ಅಡಿಕೆ. ದಾರ ಸುತ್ತಿದ ಬಸ್ಸಿನ ಚೀಟಿಗಳ ಸುರುಳಿ.

"ಅವ್ವ ಇವನ್ಯಾಕ ಇಟಗೊಂಡಾಳಪಾ?"

ನನಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಪಂಚಮಿಗೆ ತವರಿಗೆ ಹೋಗುತ್ತಿದ್ದಳು, ದೇವಿಕೊಪ್ಪಕ್ಕೆ. ಆ ಚೀಟಿಗಳೇ ಇರಬೇಕು. ಊರ ಹೆಸರು ಇಲ್ಲ, ದರ ಮಾತ್ರ ಇದೆ. ಹೋದ ವರ್ಷದವನ್ನು ಬೇರೆ ಮಾಡಿದೆ. ಮೂರೂಕಾಲು — ನಮ್ಮೂರು ಸಂಶಿಯಿಂದ ಹುಬ್ಬಳ್ಳಿ. ಎರಡು ತೊಂಬತ್ತು — ಹುಬ್ಬಳ್ಳಿಯಿಂದ ಕಲಘಟಗಿ. ಬರುವಾಗಲೂ ಅವೇ ಎರಡು.

ಕಲಘಟಗಿಯಿಂದ ದೇವಿಕೊಪ್ಪಕ್ಕೆ ಚೀಟಿಯೇ ಇಲ್ಲ. ಯಾವ ವರ್ಷದ್ದೂ ಇಲ್ಲ. ಅವರ ಸೀಮೆಯಲ್ಲಿ ಬಸ್ಸು ಪುಕ್ಕಟೆಯೇ?

೬ ಜನವರಿ, ಸೋಮವಾರ

ಮಧ್ಯಾಹ್ನ. ಚೀಟಿಗಳನ್ನು ಕಾಸೀಮಸಾಬನಿಗೆ ತೋರಿಸಿದೆ. ಗಿರಣಿ ಎದುರಿನ ದರ್ಜಿ, ಹುಡುಗತನದ ಗೆಳೆಯ. ಕನ್ನಡಕ ಏರಿಸಿ ನೋಡಿದ.

"ಈರಬಸಪ್ಪ, ನೀ ಹಿಟ್ಟಿನ ತೂಕ ಬಿಟ್ಟು ಬಸ್ಸಿನ ತೂಕಕ್ಕ ಯಾವಾಗ ಕುಂತಿ?"

ಸುಮ್ಮನೆ, ತಿಳಿಯಬೇಕು ಅನಿಸಿತು ಎಂದೆ.

ಇಪ್ಪತ್ನಾಲ್ಕು ವರ್ಷ ನನ್ನದೂ ರೇವವ್ವನದೂ ಜಗಳ ಇದೊಂದೇ. ಯಾರ ಕಡೆ ಬಸ್ಸು ಚಲೋ. "ನಿಮ್ಮ ಸಂಶಿ ಬಸ್ಸಿನಾಗ ಕಂಡಕ್ಟರ್ ಚಿಲ್ಲರ ಕೊಟ್ಟಿದ್ದು ಯಾವ ಕಾಲಕ್ಕರಿ? ನಮ್ಮೂರ ಮುಂದ ದಿನಕ್ಕ ಹನ್ನೊಂದ ಬಸ್ ಹಾಯತಾವು. ಮಂದೀನೂ ಭಾಳ ಒಳ್ಳೇವ್ರು." ನಾನು ಅಲ್ಲಿಗೆ ಬಸ್ಸಿನಲ್ಲಿ ಹೋದವನೇ ಅಲ್ಲ. ಮದುವೆಗೆ ಲಾರಿ, ಮಾವ ತೀರಿದಾಗ ಹತ್ತಿ ವ್ಯಾಪಾರಿಯ ಜೀಪು. ಗಿರಣಿ ಅಮವಾಸ್ಯೆಗೆ ಮಾತ್ರ ಬಂದ್. ಅಮವಾಸ್ಯೆ ದಿನ ಹೆಂಡತಿಯ ತವರಿಗೆ ಯಾರೂ ಹೋಗುವುದಿಲ್ಲ. ಹೀಗಾಗಿ ಅವಳ ಮಾತನ್ನೇ ನಂಬಿದ್ದೆ.

ನವೆಂಬರ್ ೨೮ರಂದೂ ನಂಬಿದ್ದೆ. ನಸುಕಿನಲ್ಲಿ ತೀರಿದಳು. ಅವಳ ತಮ್ಮ ಹೊಳೆಪ್ಪನಿಗೆ ಒಂಬತ್ತೂವರೆಗೇ ಸುದ್ದಿ ಮುಟ್ಟಿತ್ತು. ತವರಿನ ಸೀರೆ ಬರಬೇಕು, ಅದನ್ನು ಹೊದಿಸಿ ಮಣ್ಣು ಮಾಡಬೇಕು. ಲೆಕ್ಕ ಹಾಕಿದೆ. ಹನ್ನೊಂದು ಬಸ್ಸು ಹಾಯುವ ಊರು, ಒಂದಕ್ಕೆ ಬಂದಾನು, ತಡವೆಂದರೆ ಎರಡಕ್ಕೆ. ನಾಲ್ಕೂವರೆಯ ತನಕ ಕಾದೆ. ಹಿರಿಯರು ಸಂಜೆಯಾಯಿತು ಅಂದರು. ಎಬ್ಬಿಸಿರಿ ಎಂದೆ. ಸೀರೆ ಇಲ್ಲದೆಯೇ ಮಣ್ಣು ಮಾಡಿದೆವು.

ಹೊಳೆಪ್ಪ ಬಂದದ್ದು ದೀಪ ಹಚ್ಚಿದ ಮೇಲೆ. ಬಗಲಲ್ಲಿ ಸೀರೆ. ಮಂದಿ ಎದುರಿಗೇ ಅಂದೆ — "ಅಕ್ಕನ ಮಣ್ಣಿಗೆ ಬರಾಕ ಹನ್ನೊಂದ ಬಸ್ ಸಾಲಲಿಲ್ಲೇನು ನಿನಗ? ಆ ಸೀರಿ ತಿರುಗಿ ಒಯ್ಯಿ."

"ಒಂದೂ ನಿಲ್ಲಲಿಲ್ಲರಿ ಮಾಮಾರ" ಎಂದ. ಸೀರೆ ತಿರುಗಿ ಒಯ್ದ. ಅಕ್ಕನ ಶಿವಗಣಾರಾಧನೆಯ ಊಟಕ್ಕೂ ಬರಲಿಲ್ಲ.

೧೦ ಜನವರಿ, ಶುಕ್ರವಾರ, ಅಮವಾಸ್ಯೆ

ಸಂಜೆ ಏಳು. ಗಿರಣಿ ಬಂದ್. ಬೆಲ್ಟು ತರುವ ನೆವದಿಂದ ಹುಬ್ಬಳ್ಳಿಗೆ ಹೋಗಿ ಬಂದೆ. ಹೋಗುವಾಗ ಬಸ್ಸು. ಮೂರೂಕಾಲು. ಮೂರೂವರೆ ಕೊಟ್ಟೆ, ನಾಲ್ಕಾಣೆ ತಿರುಗಿ ಬರಲಿಲ್ಲ. "ಚಿಲ್ಲರ ಇಲ್ಲ, ಇಳಿಯೂ ಮುಂದ ತಗೋರಿ." ಇಳಿಯುವ ಮುಂದೆ ಆತ ಹಿಂದಿನ ಬಾಗಿಲಲ್ಲಿ, ನಾನು ಮುಂದಿನ ಬಾಗಿಲಲ್ಲಿ.

ಬರುವಾಗ ರೈಲು. ಎರಡು ರೂಪಾಯಿ. ಬಸ್ಸಿಗಿಂತ ಒಂದೂಕಾಲು ರೂಪಾಯಿ ಕಡಿಮೆ, ಒಂದೂಕಾಲು ತಾಸು ತಡ. ಆದರೆ ಕಾಲು ಚಾಚಬಹುದು. ಬಾಜು ಕೂತವ ನವಲಗುಂದ ಕಡೆಯವ. ಅವರಲ್ಲಿ ಬೇಸಿಗೆಯಲ್ಲಿ ಬಸ್ಸು ಊರೊಳಗೇ ಬರುತ್ತದಂತೆ. ಮಳೆ ಬಿದ್ದರೆ ಎರೆಮಣ್ಣು, ಮೂರು ಮೈಲಿ ಆಚೆಯೇ ಇಳಿಸುತ್ತಾರೆ. "ಆವಾಗ ಚೀಟಿ ದರಾ ಕಡಿಮಿ ಏನ್ರಿ?" ಎಂದು ಕೇಳಿದೆ. ನಕ್ಕ. "ಕೆಸರ ತುಳಿಯೂದಕ್ಕ ಅವರ ನಮಗ ಕೊಡಬೇಕಿತ್ತು ಬಿಡ್ರಿ."

ಮೈಲಿಗೆ ದರ ಎಲ್ಲ ಕಡೆ ಒಂದೇ. ಕೊಟ್ಟದ್ದಕ್ಕೆ ಸಿಗುವುದು ಮಾತ್ರ ಬೇರೆ ಬೇರೆ.

ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸಿನ ವೇಳೆಯ ಹಲಗೆ ನೋಡಿದೆ. ಕಲಘಟಗಿ ದಾಟಿ ಮುಂದೆ ಹೋಗುವ ಬಸ್ಸುಗಳನ್ನು ಬೆರಳಿಟ್ಟು ಎಣಿಸಿದೆ. ಹನ್ನೊಂದು. ಎಲ್ಲವೂ ದೇವಿಕೊಪ್ಪದ ಮೇಲೇ ಹಾಯಬೇಕು. ರೇವವ್ವ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಹೇಳಿದವ ಹೊಳೆಪ್ಪ. ಸಮಾಧಾನ ಆಗಬೇಕಿತ್ತು. ಆ ಇಲ್ಲದ ಚೀಟಿ ಯಾಕೋ ಬಿಡುತ್ತಿಲ್ಲ.

೧೯ ಜನವರಿ, ರವಿವಾರ

ಬೆಳಿಗ್ಗೆ ಎಂಟು. ನಿನ್ನೆ ಅನ್ನವ್ವನಿಗೆ ಹೆಣ್ಣು ಕೂಸು. ಇಬ್ಬರೂ ಆರಾಮ. ಮೂಗು ರೇವವ್ವನದು.

ತೊಟ್ಟಿಲು ಯಾವಾಗ ಹಾಕೋಣ ಎಂದೆ. ಮಲಗಿದಲ್ಲಿಂದಲೇ ಅಂದಳು — "ಹೊಳೆಪ್ಪ ಮಾಮಾ ಬಂದ ದಿನ."

"ಅವ ಬರೂದಿಲ್ಲವ್ವ."

"ಹಂಗಾದ್ರ ಕೂಸು ಕೌದ್ಯಾಗ ಮಲಗಲಿ. ಅವ್ವ ಸೀರಿ ಇಲ್ದ ಹೋದ್ಲು. ಇಕಿ ಮಾಮಾ ಇಲ್ದ ತೊಟ್ಟಿಲಕ್ಕ ಬ್ಯಾಡ."

೧೦ ಫೆಬ್ರುವರಿ, ಸೋಮವಾರ

ನಸುಕು ಐದೂವರೆ. ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಅಮವಾಸ್ಯೆ. ಮೊದಲ ಬಸ್ಸಿಗೆ ಹೊರಟೆ. ಹುಬ್ಬಳ್ಳಿಯಲ್ಲಿ ಎಕ್ಸ್‌ಪ್ರೆಸ್ ಹತ್ತಿದೆ. ಮೆತ್ತನೆ ಸೀಟು, ಎಲ್ಲ ಕಿಟಕಿಗೂ ಗಾಜು. ದೇವಿಕೊಪ್ಪಕ್ಕೆ ಕೊಡಿರಿ ಎಂದೆ.

"ಅಲ್ಲಿ ಸ್ಟಾಪ್ ಇಲ್ಲರಿ. ಕಲಘಟಗಿಗೆ ಇಳಕೋರಿ."

"ಅದರ ಮ್ಯಾಲೇ ಹೋಗತೀರಲ್ಲ?"

"ಹೋಗತೇವ್ರಿ. ನಿಲ್ಲೂದಿಲ್ಲ."

ಮೂರೂವರೆ ರೂಪಾಯಿ. ಸಾದಾ ಬಸ್ಸಿಗಿಂತ ಅರವತ್ತು ಪೈಸೆ ಹೆಚ್ಚು — ಇಳಿಸದೆ ಇರುವುದಕ್ಕೆ. ಕಲಘಟಗಿಯಲ್ಲಿ ಇಳಿದು ಮುಂದಿನ ಬಸ್ಸು ಕೇಳಿದೆ. ನಿಲ್ಲುವುದು ಸಂಜೆಯೇ ಅಂದರು. ನಡೆದೆ. ಎರಡು ತಾಸು. ಚೀಟಿ ಇಲ್ಲದ ದಾರಿ ಅದೇ. ನಡೆಯುತ್ತಲೇ ತಿಳಿಯಿತು.

ದೇವಿಕೊಪ್ಪದ ರಸ್ತೆಗೆ ಒಂದು ಮಾವಿನ ಮರ. ಕೆಳಗೆ ಬಾಳೆಹಣ್ಣು ಮಾರುವ ಮುದುಕಿ, ಹಸನಬಿ. ಅಲ್ಲೇ ಕೂತೆ. ಹುಬ್ಬಳ್ಳಿ ಕಡೆ ಹೋಗುವ ಬಸ್ಸು ಬಂದಾಗ ಎದ್ದು ಕೈ ಮಾಡಿದೆ. ಹೋಯಿತು. ಎರಡನೆಯದು, ಮೂರನೆಯದು. ನಾಲ್ಕನೆಯದರ ಡ್ರೈವರ್ ಬೆರಳು ಹಿಂದೆ ತೋರಿಸಿದ, ಹಿಂದೆ ಇನ್ನೊಂದಿದೆ ಎಂಬಂತೆ. ಅದೂ ಹೋಯಿತು.

ಹಸನಬಿ ನಕ್ಕಳು. "ರಟ್ಟಿ ನೋಯಿಸ್ಕೋಬ್ಯಾಡ್ರಿ ಅಣ್ಣಾರ. ಆ ಗಾಡಿಗೋಳಿಗೆ ನಮ್ಮೂರ ಕಾಣೂದಿಲ್ಲ. ಸಂಕ್ರಾಂತಿಯಿಂದ ಒಂದ ನಿಲ್ಲಾಕ ಹತ್ತೇತಿ, ಮುಂಜಾನಿ ಏಳಕ್ಕ, ಸಂಜಿ ನಾಕೂವರಿಗೆ. ಮೊದಲ ಅದೂ ಇರಲಿಲ್ಲ."

"ಅವಸರ ಇದ್ದವರು ಏನ ಮಾಡತಿದ್ರಿ?"

"ಏನ ಮಾಡತಾರ? ದೀಪಾವಳಿ ಆದ ಮ್ಯಾಲೆ ನಮ್ಮ ಹೊಳೆಪ್ಪನ ಅಕ್ಕ ತೀರಿದ್ಲು. ಹತ್ತಕ್ಕ ಬಂದು ನಿಂತಾಂವ, ಹಸರ ಸೀರಿ ತಗೊಂಡು. ನಡೀಲೇ ಅಂದ್ನಿ. ಒಂದರ ನಿಲ್ಲತೈತಿ ಬೇ, ನಡದ್ರ ಎರಡ ತಾಸು ಹೋಗತಾವು ಅಂದ. ನಿಂತಲ್ಲೇ ನಾಕ ತಾಸು ಹೋದ್ವು. ಕಡೀಕ ಸೀರಿ ಬಿಚ್ಚಿ ರಸ್ತಾಕ ಅಡ್ಡ ಹಿಡದ. ಬಾಜು ಹಾದು ಹೋದ್ರು. ಎರಡೂವರಿಗೆ ಕಟ್ಟಿಗಿ ಲಾರಿಯಾಂವ ಹತ್ತಿಸ್ಕೊಂಡ, ಮಿಶ್ರಿಕೋಟಿ ತನಕ."

ನಾನು ಹಣ್ಣು ಸುಲಿಯುತ್ತಿದ್ದೆ. ಸುಲಿದು ಕೈಯಲ್ಲೇ ಹಿಡಿದು ಕೂತೆ.

"ಅಕ್ಕ ಹೆಂಗ ಬರತಿದ್ಲು, ಪಂಚಮಿಗೆ?"

"ರೇವವ್ವ? ನಡಕೋತ. ಹಳ್ಳದಾಗ ಕಾಲ ತೊಳಕೊಂಡ, ಚಪ್ಪಲಿ ಮೆಟ್ಟಿ, ಈಗ ಬಸ್ ಇಳದಾಕಿ ಹಂಗ ಊರಾಗ ಬರತಿದ್ಲು. ಹಸನಬಿ, ನನ್ನ ಗಂಡನ ಮನಿಯವ್ರು ಕೇಳಿದ್ರ ಬಸ್ ನಿಲ್ಲತಾವ ಅನ್ನು, ತವರಮನಿ ಹಗರ ಆಗತೈತಿ ಅಂತಿದ್ಲು. ಯಾರು ಕೇಳಾಕ ಬಂದ್ರು ಇಷ್ಟ ವರ್ಷ?"

ನಾನು ಯಾರೆಂದು ಹೇಳಲಿಲ್ಲ. ಹೊಳೆಪ್ಪನ ಮನೆ ಕೂಗಳತೆ. ಹೋಗಲಿಲ್ಲ, ಅಮವಾಸ್ಯೆ ಎಂಬ ನೆವ ಇತ್ತು.

ನಾಲ್ಕೂವರೆಯ ಬಸ್ಸು ಬಂತು. ಕಿಟಕಿಗೆ ಗೋಣಿಚೀಲ, ಸೀಟಿನಲ್ಲಿ ಕಬ್ಬಿಣ ಕಾಣುತ್ತದೆ. ಕಂಡಕ್ಟರ್ ಯಾರಿಗೋ ಔಷಧದ ಬಾಟಲಿ ಇಳಿಸಿ ಕೊಟ್ಟ. ಹೊಲದಿಂದ ಓಡಿ ಬರುವ ಹೆಂಗಸಿಗಾಗಿ ಗಾಡಿ ನಿಲ್ಲಿಸಿದ. ನನಗೆ ಇಪ್ಪತ್ತು ಪೈಸೆ ಕೊಡಬೇಕಿತ್ತು, ಚೀಟಿಯ ಬೆನ್ನಿಗೆ ಬರೆದು, ಕಲಘಟಗಿಯಲ್ಲಿ ಕರೆದು ಕೊಟ್ಟ. ಮಂದಿ ಒಳ್ಳೆಯವರು ಎಂದಿದ್ದಳು. ಅದೂ ಖರೆ.

ದೇವಿಕೊಪ್ಪದಿಂದ ಕಲಘಟಗಿಗೆ ಎಂಬತ್ತು ಪೈಸೆ. ಚೀಟಿಯನ್ನು ಅವಳ ಚೀಲದಲ್ಲಿ ಇಟ್ಟೆ.

೨೦ ಫೆಬ್ರುವರಿ, ಗುರುವಾರ

ರಾತ್ರಿ ಊಟಕ್ಕೆ ಮುಂಚೆ. ಇಂದು ಗಿರಣಿ ಬಂದ್ ಮಾಡಿದೆ. ಅಮವಾಸ್ಯೆಯಲ್ಲದ ದಿನ ಬಂದ್ ಮಾಡಿದ್ದು ಮಾವ ತೀರಿದಾಗ, ರೇವವ್ವ ತೀರಿದಾಗ, ಮತ್ತೆ ಇಂದು. ಡಬ್ಬಿ ತಂದ ಹೆಂಗಸರು ಬೈದರಂತೆ. ಕಾಸೀಮಸಾಬ ಉತ್ತರ ಕೊಟ್ಟನಂತೆ — "ಹೋಗ್ರಿ, ಇವತ್ತೊಂದಿನ ಅನ್ನಾ ಉಣ್ರಿ."

ಮತ್ತೆ ನಡೆದೇ ಹೋದೆ. ಹೊಳೆಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಎದ್ದು ನಿಂತ.

"ಎದರಾಗ ಬಂದ್ರಿ?"

"ಕಲಘಟಗಿ ತನಕ ಬಸ್ಸು. ಮುಂದ ನಡಕೋತ."

ಕಾಲು ನೋಡಿದ. ಮೊಣಕಾಲ ತನಕ ಕೆಂಪು ಧೂಳು. ಒಳಗೆ ಹೋಗಿ ತಾನೇ ತಂಬಿಗೆ ನೀರು ತಂದ. ಕಾಲಿಗೆ ಹಾಕಿದ. ಏನೇನೋ ಹೇಳಬೇಕೆಂದು ದಾರಿಯುದ್ದ ಜೋಡಿಸಿಕೊಂಡಿದ್ದೆ. "ತಪ್ಪಾತು ಹೊಳೆಪ್ಪ" ಅಷ್ಟೇ ಬಂತು.

ಹಗ್ಗದ ತುದಿಗೆ ಗಂಟು ಹಾಕಿದ. "ಅಕ್ಕ ಕಾಯತಿರಬೇಕು ಅಂತ ಲಾರಿಯಾಗ ಕುಂತ ಬಂದೆ. ಆಕಿ ಕಾಯಲಿಲ್ಲ."

ಕಾಯದೆ ಇದ್ದವನು ನಾನು. ಅವನಿಗೆ ಗೊತ್ತು. ಆದರೂ ಹಾಗೆ ಅಂದ.

ಇಪ್ಪತ್ತೆಂಟಕ್ಕೆ ತೊಟ್ಟಿಲು, ಕೂಸಿಗೆ ಅಕ್ಕನ ಹೆಸರು ಎಂದೆ. ಗೋಡೆಯ ಗೂಟಕ್ಕೆ ಬಟ್ಟೆಯಲ್ಲಿ ಕಟ್ಟಿದ ಗಂಟೊಂದು ತೂಗುತ್ತಿತ್ತು, ಸಂದಿನಲ್ಲಿ ಹಸಿರು ಸೀರೆಯ ಅಂಚು. ಅದನ್ನು ಒಮ್ಮೆ ನೋಡಿದ. ಬರುತ್ತೇನೆ ಅನ್ನಲಿಲ್ಲ.

"ಏಳರ ಬಸ್ ತಪ್ಪಿದ್ರ ಹಳೇ ಪಾಡ ನೋಡ್ರಿ, ಮಾಮಾರ."

೨೭ ಫೆಬ್ರುವರಿ, ಗುರುವಾರ

ಸಂಜೆ ಆರು. ಕಡಲೆ ಬೀಸಿದೆ, ಉಂಡಿಗೆ. ತೊಟ್ಟಿಲು ಕಾಸೀಮಸಾಬನ ಮನೆಯದು. ಅವನ ನಾಲ್ಕೂ ಮಕ್ಕಳು ಮಲಗಿದ್ದು. ಹೊಸ ಹಾಸಿಗೆ ಹೊಲಿದು ಕೊಟ್ಟಿದ್ದಾನೆ. ಕೂಲಿ ಕೇಳಿದರೆ ಕತ್ತರಿ ತೋರಿಸಿದ.

ದೇವಿಕೊಪ್ಪದಿಂದ ಕಾಗದ ಬಂದಿಲ್ಲ. ಅನ್ನವ್ವ ಕೇಳುವುದಿಲ್ಲ. ಅಂಚೆಯವ ಹಾದಾಗ ಬಾಗಿಲಿಗೆ ಬರುತ್ತಾಳೆ.

ಅಯ್ಯನವರು ಬಂದಿದ್ದರು. ಹನ್ನೊಂದೂವರೆಗೆ ಹೊತ್ತು ಚಲೋ ಇದೆ ಅಂದರು. ಹೆಣ್ಣುಮಕ್ಕಳು ಅಡುಗೆ ಲೆಕ್ಕ ಹಾಕತೊಡಗಿದರು. ಬೇಡ ಎಂದೆ, ಸಂಜೆ ಇಟ್ಟುಕೊಳ್ಳೋಣ.

"ಸಂಜಿ ಎಷ್ಟಕ್ಕರಿ, ಈರಬಸಪ್ಪನವರ?"

ನಾನು ಗಿರಣಿ ಗೋಡೆ ನೋಡಿದೆ. ಸೀಮೆಸುಣ್ಣದಲ್ಲಿ ಎಲ್ಲ ಬರೆದಿಟ್ಟಿದ್ದೇನೆ, ಹುಬ್ಬಳ್ಳಿಯಿಂದ ಇಲ್ಲಿಗೆ ಬರುವ ಬಸ್ಸು, ರೈಲು. ಕೊನೆಯ ಬಸ್ಸು ಬಂದ ಮೇಲೆ ಎಂದೆ.

ನಾಳೆ ಸಂಶಿಗೆ ಕೊನೆಯ ಬಸ್ಸು ರಾತ್ರಿ ಎಂಟೂ ಹತ್ತಕ್ಕೆ.