ಬಾಯ್ಲರ್ ರಿಪೇರಿ ಮಾಡಿಸುವ ಬಗ್ಗೆ

ಕ್ವೀನ್ಸ್, ನ್ಯೂಯಾರ್ಕ್
ಗುರುವಾರ

ಕಟ್ಟಡದ ಮ್ಯಾನೇಜರ್ ಅವರಿಗೆ,

ನಾಲ್ಕನೇ ಮಹಡಿಯ ಡೊಲೊರೆಸ್ ಬರೆಯುತ್ತಿರುವುದು. ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್ ಮತ್ತೆ ಕೆಟ್ಟಿದೆ, ಬೇಗ ಸರಿಮಾಡಿಸಿ. ತಾರಸಿ ಸೋರುವ ಕಡೆ ಬರೀ ಬಣ್ಣ ಬಳಿದು ಕೈತೊಳೆದುಕೊಳ್ಳಬೇಡಿ. ಮುಂಬಾಗಿಲಿನ ಹಿತ್ತಾಳೆ ಹಿಡಿಗಳನ್ನು ಯಾರೂ ಬಿಚ್ಚಿಕೊಂಡು ಹೋಗದಂತೆ ನೋಡಿಕೊಳ್ಳಿ.

ಈ ಮುದುಕಿಗೆ ಇದ್ದಕ್ಕಿದ್ದಂತೆ ಕಟ್ಟಡದ ಮೇಲೆ ಇಷ್ಟು ಕಾಳಜಿ ಯಾಕೆ ಎನ್ನುತ್ತೀರಿ. ವಿಮಾನ ನಿಲ್ದಾಣದ ಬಾಂಬಿಗೆ ನನ್ನ ಮಗಳು ಕಾರ್ಲಾ ಬಲಿಯಾದಾಗ ನೀವು ಈ ಕಟ್ಟಡದ ಮಾಲೀಕ ಕಂಪನಿಯ ಹೆಸರಿನಲ್ಲಿ ಬಿಳಿ ಹೂಗುಚ್ಛ ಕಳಿಸಿದ್ದಿರಿ. ಬಾಂಬಿಟ್ಟವರನ್ನು ಸಾಕಿದ ವಿದೇಶಿ ಸರ್ಕಾರವೇ ನಿಮ್ಮ ಕಂಪನಿಯ ಒಡೆಯ ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ನನ್ನ ವಕೀಲೆ ಹೇಳಿದಳು. ಮಗಳನ್ನು ಮಣ್ಣು ಮಾಡಿ ಬಂದ ಮೇಲೂ ನಾನು ಬಾಡಿಗೆ ಕಟ್ಟುತ್ತಿದ್ದದ್ದು ಅವರಿಗೇ.

ಆ ಸರ್ಕಾರವನ್ನು ಭಯೋತ್ಪಾದನೆಯ ಪೋಷಕ ಎಂದು ಘೋಷಿಸುವ ಮಸೂದೆಗೆ ನಿನ್ನೆ ಸೆನೆಟ್ ಕೂಡ ಒಪ್ಪಿಗೆ ಕೊಟ್ಟಿತು. ಅಧ್ಯಕ್ಷರ ಸಹಿ ಬಿದ್ದರೆ ನಮ್ಮಂಥವರು ದಾವೆ ಹೂಡಿ, ಇಲ್ಲಿರುವ ಅದರ ಆಸ್ತಿಯನ್ನು ಜಪ್ತಿ ಮಾಡಿಸಬಹುದು. "ಬ್ಯಾಂಕಲ್ಲಿರೋ ದುಡ್ಡು ಬೇಗ ಕೈಗೆ ಬರತ್ತಮ್ಮಾ" ಎಂದಳು ವಕೀಲೆ. "ದುಡ್ಡು ಹಾಳಾಗ್ಲಿ, ನಾನಿರೋ ಕಟ್ಟಡಾನೇ ಕೊಡ್ಸು" ಎಂದೆ.

ಆದ್ದರಿಂದ ನನ್ನದಾಗುವವರೆಗೆ ಅದನ್ನು ಚೆನ್ನಾಗಿ ಇಟ್ಟುಕೊಂಡಿರಿ. ನೆಲಮಹಡಿಯ ಆಫೀಸಿನಲ್ಲಿ ಆಮೇಲೂ ನೀವು ಬಾಡಿಗೆಗೆ ಇರಬಹುದು. ಆದರೆ ಚಳಿ ಎಂದು ನನ್ನ ಹತ್ತಿರ ದೂರು ತರಬೇಡಿ. ಕಾರ್ಲಾ ಜ್ವರದಲ್ಲಿ ನಡುಗುತ್ತಿದ್ದಾಗ ನಿಮ್ಮ ಬಾಗಿಲಿಗೆ ಬಂದ ನನಗೆ ಕೊಟ್ಟ ಉತ್ತರವೇ ನಿಮಗೂ ಸಿಗುತ್ತದೆ: "ಚಳಿಯಾದ್ರೆ ಕೋಟು ಹಾಕ್ಕೊಳ್ಳಿ. ಇಷ್ಟ ಇಲ್ದಿದ್ರೆ ಖಾಲಿ ಮಾಡಿ."

ಇಂತಿ,
ಸದ್ಯಕ್ಕೆ ನಿಮ್ಮ ಬಾಡಿಗೆದಾರಳು,
ಡೊಲೊರೆಸ್ ಪಿಯೆತ್ರಾಂಜೆಲೊ