ತೊಳೆಯಬಾರದಿದ್ದ ಮಗ್ಗು

ಒಮಾಹಾ
೬ ನವೆಂಬರ್ ೧೯೮೮, ಭಾನುವಾರ

ಪ್ರೀತಿಯ ಅಮ್ಮ,

ನೀನೂ ಅಜ್ಜಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಸಾರಿ. ಕಾಲೇಜಿನ ಟೆಸ್ಟ್ ಬರೀ ನೆಪ. ಅಪ್ಪನ ಮನೆಯಲ್ಲಿ ನಗುವೇ ಇಲ್ಲದಾಗ ಏನು ಬರೆಯಲಿ ಅಂತ ತೋಚಿರಲಿಲ್ಲ. ಈಗ ಬರೆಯಬಹುದು. ಉಪಗ್ರಹ ಮಾತಾಡಿತು.

ವಾಯುಪಡೆಯ ಹವಾಮಾನ ಉಪಗ್ರಹ ಅಮ್ಮ, ಧ್ರುವದಿಂದ ಧ್ರುವಕ್ಕೆ ಸುತ್ತುವುದು, ಅಪ್ಪನ ಪಾಳಿಯವರು ನೋಡಿಕೊಳ್ಳುವುದು. ಬೆಳದಿಂಗಳಲ್ಲೇ ಮೋಡ ಕಾಣುವ ಕ್ಯಾಮೆರಾ ಅದರಲ್ಲಿದೆ. ಮೋಡದ ಕೆಳಗಿನ ಮಳೆ, ಹಿಮ ಅಳೆಯುವ ಇನ್ನೊಂದು ಉಪಕರಣವೂ ಇದೆ. ಬೇಸಿಗೆಯಲ್ಲಿ ಉಪಗ್ರಹ ಹಿಡಿತ ತಪ್ಪಿ ಉರುಳತೊಡಗಿ, ಬಿಸಿಲಿನ ಫಲಕ ಸೂರ್ಯನಿಗೆ ಬೆನ್ನು ಹಾಕಿ, ಬ್ಯಾಟರಿ ಬರಿದಾಗಿ ಸುಮ್ಮನಾಯಿತು. ಅಂದಿನಿಂದ ಅದು ತಲೆಯ ಮೇಲೆ ಹಾದಾಗಲೆಲ್ಲ ಇವರು ಕರೆಯುತ್ತಲೇ ಇದ್ದರು. ಉರುಳುತ್ತಾ ಉರುಳುತ್ತಾ ಎಂದಾದರೂ ಫಲಕಕ್ಕೆ ಬಿಸಿಲು ತಾಗೀತು, ಆ ಹೊತ್ತಿಗೆ ನಮ್ಮ ಕರೆ ಅಲ್ಲಿರಬೇಕು ಅನ್ನುವುದು ಅಪ್ಪನ ಹಟ. ಅಪ್ಪನ ಮೇಲಧಿಕಾರಿ ಮೇಜರ್ ಪೆಟಿಬೋನ್ ಮಾತ್ರ ಆಂಟೆನಾ ಬೇರೆ ಕೆಲಸಕ್ಕೆ ಬೇಕು, ಶುಕ್ರವಾರಕ್ಕೆ ಇದನ್ನು ನಿಲ್ಲಿಸಿ ಅಂದುಬಿಟ್ಟಿದ್ದರು.

ಅಷ್ಟರಲ್ಲಿ ನನ್ನ ಘನಕಾರ್ಯ ಕೇಳು. ಅಡುಗೆಮನೆ ಕಿಟಕಿಯಲ್ಲಿ ಅಪ್ಪನ ಕಾಫಿ ಮಗ್ಗು ಒಂದಿತ್ತು, ತಳದಲ್ಲಿ ಒಣಗಿದ ಕಲೆ. ಗುರುವಾರ ಹಾಸ್ಟೆಲ್ ಅಭ್ಯಾಸದಂತೆ ತಿಕ್ಕಿ ಫಳಫಳ ಮಾಡಿಟ್ಟೆ. ಊಟಕ್ಕೆ ಬಂದಿದ್ದ ಅಪ್ಪನ ಪಾಳಿಯ ಸಾರ್ಜೆಂಟ್ ಕುಚೆರಾ ಅದನ್ನು ನೋಡಿ, ಅರ್ಧ ತಿಂದ ರನ್ಜಾವನ್ನು, ಅಂದರೆ ಕೀಮಾ, ಕೋಸು ತುಂಬಿದ ಇಲ್ಲಿನ ಬನ್ನನ್ನು, ಕೈಯಲ್ಲೇ ಹಿಡಿದು ಕೂತಳು. ಉಪಗ್ರಹ ಕೊನೆಯ ಸಲ ಮಾತಾಡಿದಾಗ ಅಪ್ಪನ ಕೈಲಿದ್ದ ಮಗ್ಗಂತೆ. ಮತ್ತೆ ಮಾತಾಡುವವರೆಗೆ ಅದನ್ನು ತೊಳೆಯುವ ಹಾಗಿಲ್ಲ, ಅವರಲ್ಲಿ ಹಾಗೆ ನಡೆದುಬಂದಿದೆ. ಇರಲಿ ಬಿಡು ಅಂದರು ಅಪ್ಪ, ಆದರೆ ಮುಖ ಬಿಳಿಚಿಹೋಗಿತ್ತು. ನನ್ನನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಿಬಿಡುತ್ತಾರೇನೋ, ಸೂಟ್‌ಕೇಸ್ ಎಲ್ಲಿಟ್ಟೆ ಅಂತೆಲ್ಲ ಯೋಚನೆ.

ಶುಕ್ರವಾರ ಮಧ್ಯಾಹ್ನ ಕುಚೆರಾ ಫೋನ್ ಮಾಡಿದಳು. "ಏ ಇಂಗ್ಲೆಂಡ್ ಹುಡ್ಗಿ, ನಿಮ್ಮಪ್ಪ ಇಲ್ಲಿ ಅಳ್ತಾ ಕೂತಿದಾರೆ." ನನ್ನ ಜೀವವೇ ಹೋಯಿತು. ಆಮೇಲೆ ನಕ್ಕಳು. "ಕೊನೇ ಕರೆಗೆ ಓಗೊಡ್ತು ಕಣೇ. ಗಲೀಜು ಮಗ್ಗು ನೋಡಿ ಮುನಿಸ್ಕೊಂಡಿತ್ತು ಅಂತ ಕಾಣತ್ತೆ." ಇನ್ನು ಮೇಲೆ ಎಲ್ಲರ ಮಗ್ಗನ್ನೂ ನನ್ನ ಕೈಲೇ ತೊಳೆಸಬೇಕೆಂದು ಮೇಜರ್ ಹೇಳಿದರಂತೆ.

ನಿನ್ನೆ ಕ್ಯಾಮೆರಾನೂ ಕಣ್ಣು ಬಿಟ್ಟಿತು. ಮೊದಲು ಕಂಡದ್ದು ನಿಮ್ಮ ಕಡೆಯೇ ಅಂತೆ. ಡೆವನ್ ಪೂರ್ತಿ ಮೋಡ, ಎಂದಿನ ಹಾಗೆ. ಇವತ್ತು ಬೆಳಗ್ಗೆ ಅಪ್ಪ ಶಿಳ್ಳೆ ಹಾಕುತ್ತಾ ಪ್ಯಾನ್‌ಕೇಕ್ ಸೀಯಿಸಿದರು.

ಅಜ್ಜಿಯ ಮಂಡಿನೋವು ಬೇಗ ಇಳಿಯಲಿ. ಚಳಿ ನಿಮ್ಮಿಬ್ಬರನ್ನು ಹೆಚ್ಚು ಕಾಡದಿರಲಿ.

ನಿನ್ನ
ಇಮೊಜೆನ್

ವಿ.ಸೂ.: ಹಾಸ್ಟೆಲಿನಲ್ಲಿ ಅಷ್ಟು ವರ್ಷ ಪ್ರತಿ ಭಾನುವಾರ ಫೋನಿನ ಪಕ್ಕ ಕೂತಿರುತ್ತಿದ್ದೆ. ಅಪ್ಪ ಮಾಡಿದ್ದು ಒಂದೇ ಸಲ. ಇವತ್ತು ಧೈರ್ಯ ಮಾಡಿ ಕೇಳಿದೆ: ಅದನ್ನ ಅಷ್ಟು ಸಲ ಕರೆದ್ರಲ್ಲ, ನನ್ನನ್ಯಾಕೆ ಕರೀಲಿಲ್ಲ? ಅವರು ಆ ಮಗ್ಗನ್ನು ಎಷ್ಟೋ ಹೊತ್ತು ಒರೆಸಿದರು. "ಆ ಫೋನ್ ಆದ್ಮೇಲೆ ನೀನು ವಾರಗಟ್ಟಲೆ ಅತ್ತಿದ್ಯಂತೆ. ಇನ್ನು ಮಾಡ್ಬೇಡಿ ಅಂತ ನಿಮ್ಮಮ್ಮ ಬರೆದಿದ್ಲು." ಅತ್ತದ್ದು ನಿಜ ಅಮ್ಮ. ಅಳುತ್ತಲೇ ಮುಂದಿನ ಭಾನುವಾರವೂ ಹೋಗಿ ಕೂತಿದ್ದೆ. ಅದನ್ನು ನಿನಗೆ ಯಾರೂ ಹೇಳಲಿಲ್ಲವಾ?